ಹನ್ನೊಂದನೆಯ ಸಾಲು

ಸುಟ್ಟುಹೋದ ಮೋಟಾರು, ಫ್ಯಾನುಗಳಿಗೆ ಹೊಸ ತಂತಿ ಸುತ್ತುವುದು ನನ್ನ ಕೆಲಸ. ಸುತ್ತು ಎಣಿಸುವಾಗ ಯಾರಾದರೂ ಮಾತಾಡಿಸಿದರೆ ಮೈಯೆಲ್ಲ ಉರಿಯುತ್ತದೆ. ಎಣಿಕೆ ತಪ್ಪಿದರೆ ಅಷ್ಟನ್ನೂ ಬಿಚ್ಚಿ ಮತ್ತೆ ಒಂದರಿಂದ ಶುರು ಮಾಡಬೇಕು. ಎಣಿಸದೆ ಇದ್ದಾಗಲೂ ಉರಿಯುತ್ತೀಯಲ್ಲ ಎಂದು ಹೆಂಡತಿ ಅನ್ನುತ್ತಿದ್ದಳು. ಮಗಳನ್ನೂ ಕರೆದುಕೊಂಡು ತನ್ನ ತಂಗಿಯ ಮನೆಗೆಂದು ಹೋದವಳು ತಿರುಗಿ ಬರಲಿಲ್ಲ. ಹೋದ ವರ್ಷ ಮಗಳ ಮದುವೆಯಾಯಿತು. ನನಗೆ ತಿಳಿದದ್ದು ಎಲ್ಲ ಮುಗಿದ ಮೇಲೆ. ಫೋನ್ ಮಾಡಿ ಕೇಳಿದೆ.

"ನೀನು ಬಂದಿದ್ರೆ ಜಗಳ ಆಗ್ತಿತ್ತು ಅಪ್ಪಾ."

"ನಾನ್ಯಾಕೆ ಜಗಳ ಮಾಡ್ಲಿ?" ಎಂದು ಕಿರುಚಿದೆ.

"ನೋಡು," ಅಂದು ಫೋನಿಟ್ಟಳು.

ಆಮೇಲೆ ಮನೆಯಲ್ಲಿ ಮಾತೆನ್ನುವುದೇ ನಿಂತಿತು. ಒಂದು ತಟ್ಟೆ, ಒಂದು ಲೋಟ. ಎರಡನೆಯ ಕುರ್ಚಿಯ ಮೇಲೆ ಮಡಚದ ಅಂಗಿಗಳ ರಾಶಿ.

ಒಂದು ಭಾನುವಾರ ಮಧ್ಯಾಹ್ನ, ಸುಟ್ಟಿದ್ದ ಫ್ಯಾನನ್ನು ಸರಿಮಾಡಿ ಮತ್ತೆ ಕೂರಿಸಲು ದರ್ಜಿ ಅಂಗಡಿಯ ಮಹಡಿಗೆ ಹೋದೆ. ದೇವರ ಗ್ರಂಥ ಓದುವವರು ವಾರವಾರ ಸೇರುವ ಕೋಣೆ ಅದು. ನರ್ಸ್ ಕೆಲಸದಿಂದ ನಿವೃತ್ತರಾದ ಅಜ್ಜಿಯೊಬ್ಬರದೇ ಅಲ್ಲಿ ಯಜಮಾನಿಕೆ. ಕೆಲಸ ಮುಗಿಸಿ ಏಣಿ ಇಳಿದಾಗ, "ಸ್ವಲ್ಪ ಕೂತು ನೋಡಪ್ಪ. ನೀನು ಹೋದ್ಮೇಲೆ ಫ್ಯಾನ್ ನಿಂತ್ರೆ ಯಾರನ್ನ ಬೈಯೋದು?" ಅಂದರು.

ಕೂತೆ. ಅವತ್ತಿನ ಪಾಠದಲ್ಲಿ ಒಬ್ಬಾತ ದೇವರ ಮೇಲೇ ರೇಗಿದ್ದ. ಎಲ್ಲಿದ್ದೀಯ, ಕಿವಿ ಕೇಳಿಸಲ್ವಾ ಎನ್ನುವ ಧಾಟಿ. ನಾನು ತಡೆಯಲಾರದೆ ಕೇಳಿದೆ: "ಇಷ್ಟು ಕೂಗಾಡಿದವನನ್ನ ಪುಸ್ತಕದಲ್ಲಿ ಇಟ್ಕೊಂಡಿದಾರಾ?"

"ಯಾಕಪ್ಪ, ಹೊರಗೆ ಹಾಕ್ಬೇಕಿತ್ತಾ?" ಅಂದರು ಅಜ್ಜಿ.

ಒಂದು ಪ್ರತಿ ಕೇಳಿ ಮನೆಗೆ ತಂದೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಒತ್ತಕ್ಷರ ಎದುರಾದರೆ ಗಾಡಿ ನಿಲ್ಲುತ್ತದೆ. ಆದರೂ ವಾರವಿಡೀ ಬೆರಳಿಟ್ಟು ಆ ಸಿಟ್ಟಿನ ಮನುಷ್ಯನನ್ನೇ ಓದಿದೆ. ಅವನಿಗೆ ಅಲ್ಲಿ ಜಾಗ ಇದ್ದರೆ ನನಗೂ ಎಲ್ಲೋ ಒಂದು ಮೂಲೆ ಇದ್ದೀತು ಅನ್ನಿಸಿತು.

ಮುಂದಿನ ಭಾನುವಾರ ಓದಲಿಕ್ಕೇ ಹೋದೆ. ಸುತ್ತ ಕೂತವರು ಒಬ್ಬೊಬ್ಬರಾಗಿ ಒಂದೊಂದು ಸಾಲು ಓದಬೇಕು. ತಲೆ ಎಣಿಸಿದೆ. ನಾನು ಹನ್ನೊಂದನೆಯವನು. ಹನ್ನೊಂದನೆಯ ಸಾಲು ಪುಟ್ಟದು, ಸಲೀಸಾದದ್ದು. ಮನಸ್ಸಿನಲ್ಲೇ ಹತ್ತು ಸಲ ಓದಿಕೊಂಡೆ. ಅಷ್ಟರಲ್ಲಿ ಕೆಳಗಿನ ಅಂಗಡಿಯ ದರ್ಜಿ ತಡವಾಗಿ ಬಂದು ನನಗೂ ಅಜ್ಜಿಗೂ ನಡುವೆ ತೂರಿಕೊಂಡ. ಸರದಿ ಬಂದಾಗ ನನ್ನ ಸಾಲನ್ನು ಅವನು ಗಡಗಡನೆ ಓದಿಬಿಟ್ಟ.

ಹನ್ನೆರಡನೆಯದು ಮಾರುದ್ದ. ಎರಡು ಪದ ದಾಟಿ ನಿಂತೆ. ಯಾರೋ ಕೆಮ್ಮಿದರು. ರಕ್ತ ತಲೆಗೇರಿತು. ಪುಸ್ತಕ ಮುಚ್ಚಿ ಎದ್ದುಬಿಟ್ಟೆ. ನಾದಿನಿಯ ಮನೆಯಿಂದ, ಎರಡು ಕೆಲಸಗಳಿಂದ ನಾನು ಎದ್ದು ಬಂದದ್ದೂ ಹೀಗೇ. ಮತ್ತೆ ಒಳಗೆ ಹೋಗಲು ಆಗಿರಲಿಲ್ಲ.

"ಎಲ್ಲಿಗಪ್ಪ?" ಅಂದರು ಅಜ್ಜಿ.

"ನನ್ನ ಸಾಲು ಈ ದರ್ಜಿ ನುಂಗಿದ!"

ದರ್ಜಿ ಕಣ್ಣರಳಿಸಿದ. "ಅಯ್ಯೋ ಅಣ್ಣಾ, ನೀವೂ ಎಣಿಸ್ತೀರಾ? ನಾನು ಬಾಗಿಲ ಸಂದಿಯಿಂದ ತಲೆ ಎಣಿಸಿ, ಚಿಕ್ಕ ಸಾಲು ಸಿಗೋ ಜಾಗ ನೋಡ್ಕೊಂಡು ಕೂತೋನು."

"ಓಹೋ, ಅದಕ್ಕಾ ನೀನು ಪ್ರತಿ ವಾರ ತಡ?" ಅಜ್ಜಿ ಅವನ ತಲೆಗೊಂದು ಮೊಟಕಿದರು. ಕೋಣೆಯೆಲ್ಲ ನಕ್ಕಿತು. ಸಿಟ್ಟು ಇಳಿಯುವ ಮೊದಲೇ ನನಗೂ ನಗು ಬಂತು. "ಕೂತ್ಕೊಳ್ಳಪ್ಪ. ನಿಧಾನಕ್ಕೇ ಓದು. ಫ್ಯಾನ್ ತಿರುಗ್ತಿದೆ, ಯಾರೂ ಬೆವರೋದಿಲ್ಲ," ಅಂದರು ಅಜ್ಜಿ.

ಕೂತೆ. ಒತ್ತಕ್ಷರಕ್ಕೊಂದು ಸಲ ನಿಂತು ನಿಂತು ಮುಗಿಸಿದೆ. ಯಾರೂ ಶಭಾಷ್ ಅನ್ನಲಿಲ್ಲ. ಪಕ್ಕದವರು ಹದಿಮೂರನೆಯದನ್ನು ಎತ್ತಿಕೊಂಡರು, ಅಷ್ಟೇ.

ಮನೆಯಲ್ಲಿ ಈಗಲೂ ಅದೇ ಒಂದು ಲೋಟ. ಮಗಳಿಗೆ ಫೋನ್ ಮಾಡುವಷ್ಟು ಧೈರ್ಯ ಇನ್ನೂ ಬಂದಿಲ್ಲ. ಎರಡನೆಯ ಕುರ್ಚಿಯ ಅಂಗಿಗಳನ್ನು ಮಡಚಿ ಒಳಗಿಟ್ಟಿದ್ದೇನೆ. ಆ ದರ್ಜಿ ಎಲ್ಲಿ ಬಂದು ತೂರುತ್ತಾನೋ ಹೇಳಲಾಗದು. ಹಾಗಾಗಿ ಮುಂದಿನ ಭಾನುವಾರಕ್ಕೆ ಪಾಠದ ಎಲ್ಲ ಸಾಲುಗಳನ್ನೂ ಓದಿಟ್ಟುಕೊಳ್ಳುತ್ತಿದ್ದೇನೆ.