ತೊಂಬತ್ತೊಂದು ಸಾಕಾ, ನೂರು ಬೇಕಾ?

ಕಳೆದ ತಿಂಗಳು ಒಂದು ಭಾನುವಾರ, ಹಳೇಬೀಡಿನ ಪೆಟ್ರೋಲ್ ಬಂಕಿನಲ್ಲಿ, ನನ್ನ ಅಣ್ಣ ತನ್ನ ಕಾರಿನ ಟ್ಯಾಂಕಿಗೆ ಅಂಗೈ ಅಡ್ಡ ಹಿಡಿದು ನಿಂತುಬಿಟ್ಟ.

“ತಡೀರಿ, ಹಾಕ್‌ಬ್ಯಾಡಿ. ಇದು ಟರ್ಬೊ ಗಾಡಿ ಕಣ್ರೀ!”

ಪೆಟ್ರೋಲ್ ಹಾಕಲು ಬಂದ ಹೆಂಗಸು ಪೈಪು ಹಿಡಿದುಕೊಂಡೇ ನನ್ನ ಮುಖ ನೋಡಿದಳು. ನಾನು ಅಣ್ಣನ ಮುಖ ನೋಡಿದೆ. ಹಿಂದಿದ್ದ ಆಟೊದವನು ಹಾರ್ನ್ ಬಾರಿಸಿದ. ಪೆಟ್ರೋಲ್ ಮುಗಿಯುತ್ತಿದೆ ಎಂಬ ಹಳದಿ ದೀಪ ಜಾವಗಲ್ ದಾಟಿದಾಗಿನಿಂದ ಉರಿಯುತ್ತಿತ್ತು. ಬಂಕಿನಲ್ಲಿ ಇದ್ದದ್ದು ಸಾದಾ ಪೆಟ್ರೋಲ್ ಮಾತ್ರ. ಅಣ್ಣನಿಗೆ ಬೇಕಾಗಿದ್ದದ್ದು ಜಾಸ್ತಿ ಬೆಲೆಯ ಪ್ರೀಮಿಯಂ ಪೆಟ್ರೋಲ್. ಬೇಲೂರಿನಲ್ಲಿ ನಮಗಾಗಿ ಒಬ್ಬರು ಕಾಯುತ್ತಿದ್ದರು.

ಯಾಕೆ ಹೊರಟಿದ್ದೆವು ಅಂತೀರಾ? ಹೆಣ್ಣು ನೋಡಲು.

ಯಾರಿಗೆ ಅಂತೀರಾ? ಅಣ್ಣನಿಗೇ. ಅವನಿಗೆ ಅರವತ್ತು ದಾಟಿದೆ.

(ನಗಬೇಡಿ. ಆ ಗಳಿಗೆಯಲ್ಲಿ ನಾನೂ ನಗುವ ಸ್ಥಿತಿಯಲ್ಲಿರಲಿಲ್ಲ.)

ಮೊದಲಿನಿಂದ ಹೇಳುತ್ತೇನೆ. ಅಣ್ಣ ಚಂದ್ರಣ್ಣ ಅರಸೀಕೆರೆ ಹತ್ತಿರದ ಗಂಡಸಿ ಎಂಬ ಊರಿನವನು. ತೆಂಗಿನ ತೋಟ, ನಾಲ್ಕು ಹಸು, ಒಂದು ಹಳೆಯ ಬೈಕು. ಅತ್ತಿಗೆ ತೀರಿಕೊಂಡು ವರ್ಷಗಳಾದವು. ಒಬ್ಬಳೇ ಮಗಳು ರಶ್ಮಿ ಮದುವೆಯಾಗಿ ತುಮಕೂರಿನಲ್ಲಿದ್ದಾಳೆ. ಹೋದ ವರ್ಷ ಅಣ್ಣನಿಗೆ ಸೊಂಟನೋವು ಜೋರಾಗಿ, ಡಾಕ್ಟರು ಇನ್ನು ಬೈಕು ಹತ್ತಬೇಡಿ ಎಂದರು. ಅಣ್ಣ ಆ ವಯಸ್ಸಿನಲ್ಲಿ ಡ್ರೈವಿಂಗ್ ಕಲಿತ, ಕಾರು ಕೊಂಡ. ಶೋರೂಮಿನಲ್ಲಿ ನಿಂತಿದ್ದ ಗಾಡಿಗಳಲ್ಲಿ ಅವನ ಕಣ್ಣಿಗೆ ಹಿಡಿಸಿದ್ದು ಒಂದು ಕೆಂಪು ಕಾರು. ಅದು ಟರ್ಬೊ ಪೆಟ್ರೋಲ್ ಎನ್ನುವುದು ಮನೆಗೆ ತಂದ ಮೇಲೆ ಅವನ ತಲೆಗೆ ಹೋಯಿತು.

ಅಲ್ಲಿಂದ ಶುರುವಾಯಿತು ನೋಡಿ ಸಂಕಟ.

ಅರಸೀಕೆರೆಯ ಕೊಬ್ಬರಿ ಮಂಡಿಯಲ್ಲಿ ಗೆಳೆಯನೊಬ್ಬ ಹೇಳಿದನಂತೆ: “ಏನ್ಲಾ ಚಂದ್ರ, ಟರ್ಬೊಗೆ ಸಾದಾ ಪೆಟ್ರೋಲ್ ಹಾಕ್ತಿದ್ದೀಯಾ? ಎಂಜಿನ್ನು ಒಳಗೊಳಗೇ ಸೀದೋಯ್ತದೆ ಕಣ್ಲಾ.” ಆ ರಾತ್ರಿಯಿಂದ ಅಣ್ಣನಿಗೆ ಸರಿಯಾಗಿ ನಿದ್ದೆಯಿಲ್ಲ. ಫೋನಿನಲ್ಲಿ ವಿಡಿಯೊ ನೋಡಿದ. ಒಬ್ಬ ತೊಂಬತ್ತೈದು ಆಕ್ಟೇನ್ ಹಾಕಿ ಎಂದ. ಇನ್ನೊಬ್ಬ ನೂರೇ ಬೇಕು ಎಂದ. ಮೂರನೆಯವನು ಎಲ್ಲಾ ದುಡ್ಡು ಕೀಳುವ ಆಟ ಎಂದ. ಅಣ್ಣ ಮೂವರನ್ನೂ ನಂಬಿದ!

ಆಮೇಲೆ ನಾನೂ ಕೂತು ಓದಿಕೊಂಡೆ. (ಅಣ್ಣ ದಿನಕ್ಕೆರಡು ಸಲ ಫೋನ್ ಮಾಡಿ ಅದನ್ನೇ ಕೇಳಿದರೆ ಇನ್ನೇನು ಮಾಡುವುದು?) ಟರ್ಬೊ ಎಂದರೆ ಎಂಜಿನ್ನಿನೊಳಕ್ಕೆ ಗಾಳಿಯನ್ನು ಒತ್ತಿ ತುಂಬುವ ಪುಟ್ಟ ಯಂತ್ರ. ಒತ್ತಡ ಹೆಚ್ಚಿದಂತೆ ಒಳಗೆ ಬಿಸಿಯೂ ಹೆಚ್ಚುತ್ತದೆ. ಆ ಬಿಸಿಗೆ ಪೆಟ್ರೋಲು ಹೊತ್ತಲ್ಲದ ಹೊತ್ತಿನಲ್ಲಿ ತಾನಾಗಿ ಹೊತ್ತಿಕೊಂಡರೆ ಟಕಟಕ ಎಂಬ ಸದ್ದು ಬರುತ್ತದೆ. ಅದಕ್ಕೆ ನಾಕಿಂಗ್ ಎನ್ನುತ್ತಾರೆ. ಹಾಗೇ ಬಿಟ್ಟರೆ ಎಂಜಿನ್ನಿಗೆ ಪೆಟ್ಟು. ಆಕ್ಟೇನ್ ಸಂಖ್ಯೆ ಹೆಚ್ಚಿದ್ದಷ್ಟೂ ಪೆಟ್ರೋಲು ಹೀಗೆ ತಾನಾಗಿ ಹೊತ್ತಿಕೊಳ್ಳುವುದು ಕಡಿಮೆ. ಸಾದಾ ಪೆಟ್ರೋಲಿನದು ತೊಂಬತ್ತೊಂದು, ಪ್ರೀಮಿಯಂನದು ತೊಂಬತ್ತೈದು ಅಥವಾ ನೂರು. ಹಾಗಂತ ನೂರರದ್ದು ಹಾಕಿದ ಕೂಡಲೇ ಕಾರು ಹಾರುತ್ತದೆ ಅಂತೇನೂ ಇಲ್ಲ. ಯಾವ ಎಂಜಿನ್ನಿಗೆ ಕಡೇಪಕ್ಷ ಎಷ್ಟು ಬೇಕು ಎಂದು ಅದನ್ನು ಮಾಡಿದ ಕಂಪನಿಯೇ ಬರೆದಿರುತ್ತದೆ. ಅದನ್ನು ನೋಡಿದರೆ ಆಯಿತು.

ಇಷ್ಟನ್ನೂ ಅಣ್ಣನಿಗೆ ಹೇಳಿದೆ. ಅವನು ಹ್ಞೂಂ ಎಂದ. ಮಾರನೇ ದಿನ ಮತ್ತೆ ಫೋನ್ ಮಾಡಿದ.

ಈ ನಡುವೆ ರಶ್ಮಿ ಅಪ್ಪನಿಗೊಂದು ಸಂಬಂಧ ಹುಡುಕಿದಳು. ಬೇಲೂರಿನ ವಿಶಾಲಾಕ್ಷಿ. ಬ್ಯಾಂಕಿನಲ್ಲಿ ಕೆಲಸದಲ್ಲಿದ್ದು ರಿಟೈರ್ ಆದವರು. ಹಾಸಿಗೆ ಹಿಡಿದ ತಾಯಿಯನ್ನು ನೋಡಿಕೊಳ್ಳುತ್ತಾ ಮದುವೆಯ ವಯಸ್ಸೆಲ್ಲ ಕಳೆದುಹೋಯಿತು, ತಾಯಿ ಈಗಿಲ್ಲ. “ಅಪ್ಪ, ನೀನೇ ಹೋಗಿ ಮಾತಾಡ್ಕೊಂಡು ಬಾ, ಸುಧಾ ಅತ್ತೇನ ಕರ್ಕೊಂಡು ಹೋಗು” ಎಂದಳು ಮಗಳು. (ಸುಧಾ ಅತ್ತೆ ಎಂದರೆ ನಾನು.) ಅಣ್ಣ ಬೇಡ ಎನ್ನಲಿಲ್ಲ. ಬೇಕು ಎಂದೂ ಹೇಳಲಿಲ್ಲ.

ದಿನ ಹತ್ತಿರವಾದಂತೆ ಫೋನುಗಳು ಹೆಚ್ಚಿದವು. ಯಾವ ಬಟ್ಟೆ ಹಾಕಲಿ, ಏನು ಮಾತಾಡಲಿ, ಉಹುಂ, ಒಂದು ಮಾತಿಲ್ಲ. “ಸುಧಾ, ತೊಂಬತ್ತೊಂದು ಸಾಕಾ, ನೂರು ಬೇಕಾ?” ಅಷ್ಟೇ.

ಭಾನುವಾರ ಬೆಳಿಗ್ಗೆ ಅರಸೀಕೆರೆಯ ನಮ್ಮ ಮನೆಗೆ ಬಂದ. ಇಸ್ತ್ರಿಯಾದ ಬಿಳಿ ಅಂಗಿ, ಹಣೆಯಲ್ಲಿ ವಿಭೂತಿ, ಅಂಗಿಯ ಬೆನ್ನು ಆಗಲೇ ಬೆವರಿನಿಂದ ಒದ್ದೆ. ಅವನು ಯಾವಾಗಲೂ ಹಾಕಿಸುವ ಬಂಕಿನಲ್ಲಿ ಅವತ್ತು ಪ್ರೀಮಿಯಂ ಸ್ಟಾಕ್ ಇರಲಿಲ್ಲ. “ಮುಂದೆ ಎಲ್ಲಾದ್ರೂ ಸಿಕ್ತದೆ” ಎಂದು ಹೊರಟೇಬಿಟ್ಟ. ಎಲ್ಲಿಯೂ ಸಿಗಲಿಲ್ಲ. ಪೆಟ್ರೋಲ್ ತೋರಿಸುವ ಮುಳ್ಳು ಇಳಿಯುತ್ತಾ ಹೋಯಿತು. ನಾನು ರಸ್ತೆ ನೋಡುವುದನ್ನು ಬಿಟ್ಟು ಮುಳ್ಳನ್ನೇ ನೋಡುತ್ತಾ ಕೂತೆ. ಹೊಲಗಳ ನಡುವೆ ಕಾರು ನಿಂತುಹೋದರೆ? ಆ ಹೆಂಗಸಿಗೆ ಏನೆಂದು ಫೋನ್ ಮಾಡುವುದು? ಮೊದಲ ಭೇಟಿಗೇ ಬಾರದೆ ಹೋದವನನ್ನು ಯಾರು ನಂಬುತ್ತಾರೆ?

ಹಾಗೆ ಹೇಗೋ ಹಳೇಬೀಡು ಮುಟ್ಟಿದೆವು. ಅಲ್ಲಿ ಅಣ್ಣ ಕೈ ಅಡ್ಡ ಹಿಡಿದ.

“ಅಣ್ಣ, ದೀಪ ಉರೀತಿದೆ. ಹಾಕಿಸು.”

“ಬೇಲೂರಲ್ಲಿ ಸಿಕ್ಕೇ ಸಿಕ್ತದೆ ಕಣಮ್ಮ.”

“ಸಿಗದಿದ್ರೆ?”

ನಾನು ಇಳಿದು ಹೋಗಿ ಅವನ ಕೈ ಸರಿಸಿದೆ. ಟ್ಯಾಂಕಿನ ಬಾಗಿಲ ಒಳಮೈಯಲ್ಲಿ ಒಂದು ಪುಟ್ಟ ಸ್ಟಿಕರ್ ಇತ್ತು. ಕನಿಷ್ಠ ಆಕ್ಟೇನ್ ತೊಂಬತ್ತೊಂದು. ಅಂದರೆ ಸಾದಾ ಪೆಟ್ರೋಲೇ ಧಾರಾಳವಾಗಿ ಸಾಕು. ಬೆರಳಿಟ್ಟು ತೋರಿಸಿದೆ.

“ಅದು ನಂಗೂ ಗೊತ್ತೈತೆ” ಎಂದ ಅಣ್ಣ, ಮೆಲ್ಲಗೆ.

“ಗೊತ್ತಿದ್ದೂ ಮತ್ಯಾಕೆ?”

ಆಟೊದವನು ಮತ್ತೆ ಹಾರ್ನ್ ಹೊಡೆದ. ನಾನು ಪೆಟ್ರೋಲ್ ಹಾಕಿಸಿದೆ. ಕಾರನ್ನು ಪಕ್ಕಕ್ಕೆ ನಿಲ್ಲಿಸಿದ ಮೇಲೆ ಅಣ್ಣ ಸ್ಟಿಯರಿಂಗ್ ಬಿಡದೆ ಹೇಳಿದ: “ಅವ್ರು ಬ್ಯಾಡ ಅಂದ್ಬಿಟ್ರೆ ಏನ್ಮಾಡ್ಲಿ ಸುಧಾ? ಊರೋರ್ಗೆಲ್ಲಾ ಗೊತ್ತಾಗ್ತದೆ. ಮುದುಕ ಹೆಣ್ ನೋಡಕ್ಕೆ ಹೋಗಿ ಬರಿಗೈಲಿ ಬಂದ ಅಂತಾರೆ.” ಮತ್ತೆ ತಾನೇ ಹೇಳಿದ, “ಹ್ಞೂಂ ಅಂದ್ಬಿಟ್ರೆ ಅದೂ ಭಯಾನೇ ಕಣೇ.”

ಅಣ್ಣ ಹೆದರಿದ್ದನ್ನು ನಾನು ಅದಕ್ಕೆ ಮೊದಲು ನೋಡಿದವಳಲ್ಲ. ಅತ್ತಿಗೆ ಹೋದಾಗಲೂ ಅವನೇ ಎಲ್ಲರಿಗೂ ಸಮಾಧಾನ ಹೇಳಿದ್ದ. “ವಾಪಸ್ ಹೋಗೋಣ್ವಾ?” ಎಂದು ಕೇಳಿದೆ. ಅಣ್ಣ ತಲೆಯಾಡಿಸಿದ, ಬೇಡ ಎಂದು. ಗಾಡಿ ಸ್ಟಾರ್ಟ್ ಮಾಡಿದ.

ಬೇಲೂರು ರಸ್ತೆಯ ಒಂದು ಏರಿನಲ್ಲಿ ಟಕಟಕ ಸದ್ದು ಬಂತು.

ಅಣ್ಣನ ಮುಖ ಬಿಳಿಚಿಕೊಂಡಿತು. “ಕೇಳುಸ್ತಾ? ನಾನ್ ಹೇಳ್ಲಿಲ್ವಾ? ಎಂಜಿನ್ ಹೋಯ್ತು!” ರಸ್ತೆಪಕ್ಕಕ್ಕೆ ಎಳೆದು ನಿಲ್ಲಿಸಿ ಬಾನೆಟ್ ಎತ್ತಿದ. ಒಳಗೆ ನೋಡಿದ. (ಏನು ಕಂಡಿತೋ ದೇವರೇ ಬಲ್ಲ.) ಸಾದಾ ಪೆಟ್ರೋಲ್ ಹಾಕಿಸಿದ್ದು ನಾನು ತಾನೇ? ಸ್ಟಿಕರನ್ನು ನಾನೇ ತಪ್ಪು ಓದಿದೆನಾ? ಹೊಸ ಕಾರು ನನ್ನಿಂದ ಕೆಟ್ಟಿತಾ?

ಆಮೇಲೆ ಗೇರಿನ ನೆನಪಾಯಿತು. ಅಣ್ಣ ಆ ಏರನ್ನು ಐದನೇ ಗೇರಿನಲ್ಲಿ, ಎತ್ತಿನಗಾಡಿಯ ವೇಗದಲ್ಲಿ ಹತ್ತಿಸುತ್ತಿದ್ದ. ಸಾಲದ್ದಕ್ಕೆ ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಹಿಡಿದಿದ್ದ. ಹಾಗೆ ತಿಣುಕಿಸಿದರೆ ಯಾವ ಪೆಟ್ರೋಲ್ ಹಾಕಿದರೂ ಟರ್ಬೊ ಎಂಜಿನ್ ಗೊಣಗಬಹುದು. “ಮೂರಕ್ಕೆ ಹಾಕಿ ಹತ್ತಿಸು ನೋಡೋಣ” ಎಂದೆ. ಹಾಕಿದ. ಇಬ್ಬರೂ ಕಿವಿಗೊಟ್ಟೆವು. ಸದ್ದಿಲ್ಲ. ಏರು ಮುಗಿಯಿತು. ಆಗಲೂ ಸದ್ದಿಲ್ಲ. ಅಣ್ಣ ಮಾತ್ರ ಬೇಲೂರು ಬರುವವರೆಗೂ ಕಿಟಕಿ ಇಳಿಸಿಕೊಂಡೇ ಇದ್ದ, ಕೇಳಿಸಿಕೊಳ್ಳಲು.

ವಿಶಾಲಾಕ್ಷಿಯವರ ಮನೆ ಚಿಕ್ಕದು, ಒಪ್ಪವಾದದ್ದು. ಬಾಗಿಲಲ್ಲೇ ಕಾಯುತ್ತಿದ್ದರು. ತಡವಾದದ್ದಕ್ಕೆ ಕ್ಷಮೆ ಕೇಳಿದೆ. ಕಾಫಿ ತಂದರು, ಅವರೂ ಒಂದು ಲೋಟ ಹಿಡಿದು ಎದುರಿಗೇ ಕೂತರು. ಅಣ್ಣ ನೆಲ ನೋಡಿದ, ಫ್ಯಾನ್ ನೋಡಿದ. “ಯಾಕೆ ತಡವಾಯ್ತು?” ಎಂದು ಅವರು ಸಹಜವಾಗಿ ಕೇಳಿದ್ದೇ ತಡ, ಅಣ್ಣನಿಗೆ ಬಾಯಿ ಬಂತು. ಟರ್ಬೊ ಅಂದ. ಆಕ್ಟೇನ್ ಅಂದ. ತೊಂಬತ್ತೊಂದು, ತೊಂಬತ್ತೈದು, ನೂರು ಅಂದ. ಮಂಡಿಯ ಗೆಳೆಯ, ವಿಡಿಯೊ, ಸ್ಟಿಕರ್, ಏರಿನ ಟಕಟಕ, ಒಂದನ್ನೂ ಬಿಡಲಿಲ್ಲ. ನಾನು ಕಾಲಲ್ಲಿ ತಿವಿದೆ. ನಿಲ್ಲಿಸಲಿಲ್ಲ. ಮುಗಿಯಿತು, ಈ ಸಂಬಂಧ ಇಲ್ಲಿಗೆ ಮುಗಿಯಿತು ಎಂದುಕೊಂಡೆ.

ವಿಶಾಲಾಕ್ಷಿ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಲೋಟ ಕೆಳಗಿಟ್ಟು ಹೇಳಿದರು:

“ನಿಮ್ಮ ಕಾರಿಗೆ ಏನು ಬೇಕು ಅಂತ ಊರೆಲ್ಲ ವಿಚಾರಿಸಿದ್ದೀರಿ. ಒಳ್ಳೇದು. ನನಗೇನು ಬೇಕು ಅಂತ ಯಾವಾಗ ಕೇಳ್ತೀರಿ?”

ಅಣ್ಣನ ಕಿವಿ ಕೆಂಪಾಯಿತು. ಕಡೆಗೆ, “ಏನ್ ಬೇಕು ಹೇಳಿ” ಎಂದ. ಧ್ವನಿ ಎಷ್ಟು ಸಣ್ಣದಾಗಿತ್ತು ಎಂದರೆ ನನಗೇ ಸರಿಯಾಗಿ ಕೇಳಿಸಲಿಲ್ಲ.

ಅವರು ಹೇಳಿದರು. ಅಳುಕಿಲ್ಲದೆ ಹೇಳಿದರು. ಹೊತ್ತು ಹೊತ್ತಿಗೆ ಇನ್ನೊಬ್ಬರ ಮಾತ್ರೆ, ಗಂಜಿ, ಬಟ್ಟೆ ನೋಡಿ ನೋಡಿ ಸಾಕಾಗಿದೆ. ಮತ್ತೆ ಯಾರದೋ ಮನೆಗೆ ಅಡುಗೆಯವಳಾಗಿ, ನರ್ಸಾಗಿ ಬರಲಾರೆ. ಈ ಮನೆ ಮಾರುವುದಿಲ್ಲ. ಬೇಕೆನಿಸಿದಾಗ ಇಲ್ಲಿ ಬಂದಿರುತ್ತೇನೆ. “ನನಗೆ ಬೇಕಾಗಿರೋದು ಜೊತೆಗೆ ಕೂತು ಊಟ ಮಾಡೋರು. ಸಾಯಂಕಾಲ ಮಾತಾಡೋರು. ನಾಲ್ಕು ಊರು ನೋಡೋಕೆ ಜೊತೆಗೆ ಬರೋರು. ಇಷ್ಟೇ. ಆಗುತ್ತಾ ನಿಮ್ಮ ಕೈಲಿ?”

ಅಣ್ಣನೂ ಲೋಟ ಕೆಳಗಿಟ್ಟ. ಸುಮ್ಮನೆ ಆಗಲಿ ಎಂದುಬಿಡುತ್ತಾನೇನೋ ಎಂದು ನನಗೆ ಭಯ. ಎದ್ದು ಹೋಗುತ್ತಾನೇನೋ ಎಂದು ಇನ್ನೊಂದು ಭಯ.

“ಮುದ್ದೆ ಕಟ್ಟಕ್ಕೆ ಬತ್ತದೆ ನಂಗೆ” ಎಂದ. “ಸಾರು ಅಷ್ಟಕ್ಕಷ್ಟೆ. ಮಾತು... ಮನೇಲಿ ಮಾತಾಡಿ ವರ್ಷಗಳಾದೊ. ಹಸುಗಳ ಹತ್ರ ಮಾತ್ರ ಆಡ್ತೀನಿ. ಕಲೀಬೇಕು.”

ವಿಶಾಲಾಕ್ಷಿ ಮೊದಲ ಸಲ ನಕ್ಕರು. ನಂತರ ಅವರು ಕೇಳಿದ್ದನ್ನು ನಾನು ಖಂಡಿತ ನಿರೀಕ್ಷಿಸಿರಲಿಲ್ಲ. “ನನಗೆ ಲೈಸೆನ್ಸ್ ಇದೆ. ಅಮ್ಮನನ್ನ ಆಸ್ಪತ್ರೆಗೆ ಕರ್ಕೊಂಡು ಹೋಗೋಕೆ ಅಂತ ಕಲಿತಿದ್ದೆ. ನಿಮ್ಮ ಗಾಡಿ ಒಂದ್ಸಲ ಓಡಿಸ್ಲಾ?”

ಅಯ್ಯೋ! ಆ ಕಾರಿನ ಬೀಗದ ಕೈಯನ್ನು ಅಣ್ಣ ತನ್ನ ಅಳಿಯನಿಗೂ ಕೊಟ್ಟವನಲ್ಲ. ನಾನು ಬಾಯಿ ತೆರೆಯುವಷ್ಟರಲ್ಲಿ ಅವನ ಕೈ ಜೇಬಿಗೆ ಹೋಯಿತು. ಕೊಟ್ಟ.

ಹಗರೆಯ ದಾರಿಯಲ್ಲಿ ಸ್ವಲ್ಪ ದೂರ ಹೋಗಿ ಬಂದೆವು. ವಿಶಾಲಾಕ್ಷಿ ಸ್ಟಿಯರಿಂಗಿನಲ್ಲಿ, ಅಣ್ಣ ಪಕ್ಕದಲ್ಲಿ ಬಾಗಿಲ ಮೇಲಿನ ಹಿಡಿ ಹಿಡಿದು, ನಾನು ಹಿಂದೆ ಉಸಿರು ಹಿಡಿದು. ಎದುರಿಗೆ ಬಸ್ಸು ಬಂದಾಗಲೆಲ್ಲ ಅಣ್ಣನ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತಿತ್ತು. ಒಂದು ಕಡೆ ಅವರು ಗೇರ್ ತಪ್ಪಿಸಿದರು, ಗಾಡಿ ಜಗ್ಗಿತು. ಅಣ್ಣ ಬೈಯುತ್ತಾನೆ ಎಂದುಕೊಂಡೆ. “ನಂಗೂ ಶುರೂನಲ್ಲಿ ಹಿಂಗೇ ಆಗ್ತಿತ್ತು, ನಿಧಾನಕ್ಕೆ ಬಿಡಿ ಕ್ಲಚ್ಚು” ಎಂದ. ಹಿಂದೆ ಕೂತವಳು ನಾನು, ಕಿಟಕಿಯಾಚೆ ಮುಖ ತಿರುಗಿಸಿ ಕಣ್ಣು ಒರೆಸಿಕೊಂಡೆ.

ಅವತ್ತು ಅವರು ಹ್ಞೂಂ ಎನ್ನಲಿಲ್ಲ. ಮುಂದಿನ ಭಾನುವಾರ ಬನ್ನಿ ಎಂದರು. ಅಣ್ಣ ಹೋದ. ಅದರ ಮುಂದಿನ ವಾರವೂ ಹೋದ. ನನ್ನನ್ನು ಕರೆಯಲಿಲ್ಲ. ಯಾವ ಪೆಟ್ರೋಲ್ ಹಾಕಲಿ ಎಂಬ ಫೋನೂ ಬರಲಿಲ್ಲ. ಮೊನ್ನೆ ಬಂದ ಫೋನಿನಲ್ಲಿ ಹೇಳಿದ್ದು ಒಂದೇ ಮಾತು: “ಒಪ್ಪಿದ್ರು ಕಣೇ.” ಹೇಳಿ ಇಟ್ಟೇಬಿಟ್ಟ. ಅಳುತ್ತಿದ್ದ ಅನಿಸುತ್ತದೆ.

ಈಗ ಹೆದರುವ ಸರದಿ ನನ್ನದು. ಹೊಂದಿಕೊಳ್ಳುತ್ತಾರಾ? ವಿಶಾಲಾಕ್ಷಿಯವರಿಗೆ ಗಂಡಸಿಯಲ್ಲಿ ಬೇಸರವಾದರೆ? ಅಣ್ಣ ಮತ್ತೆ ಮೂಕನಾದರೆ? ಗೊತ್ತಿಲ್ಲ. ಇಂಥದ್ದಕ್ಕೆಲ್ಲ ಯಾವ ಕಂಪನಿಯೂ ಸ್ಟಿಕರ್ ಅಂಟಿಸಿ ಕಳಿಸುವುದಿಲ್ಲ.

ನೆಂಟರ ಫೋನುಗಳಂತೂ ಶುರುವಾಗಿವೆ. ಬಾಣಾವರದ ಚಿಕ್ಕಮ್ಮನಿಂದ ಹಿಡಿದು ಎಲ್ಲರದೂ ಒಂದೇ ಪ್ರಶ್ನೆ: “ಈ ವಯಸ್ಸಲ್ಲಿ ಇದೆಲ್ಲ ಬೇಕಿತ್ತಾ?”

ಅವರಿಗೆ ನನ್ನದೂ ಒಂದು ಪ್ರಶ್ನೆಯಿದೆ: ಒಬ್ಬನೇ ಕೂತು ಊಟ ಮಾಡುವುದಕ್ಕೆ ಯಾವ ವಯಸ್ಸು ಸರಿ?