ಎರಡನೆಯ ಪಿಟೀಲು

ತುಮಕೂರಿನ ಸಭೆಯಲ್ಲಿ ನಾನು ಸುಳ್ಳು ಹೇಳಿದೆ. ಸಿದ್ದಪ್ಪನವರ ಕಿವಿ ಕಂಡುಹಿಡಿದದ್ದನ್ನು ನಾನೇ ಕಂಡುಕೊಂಡದ್ದು ಎಂದೆ — ಅದೂ ಅವರ ಎದುರಿಗೇ.

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ನಾನು ಮಧುಗಿರಿಯಲ್ಲಿ ಹೈಸ್ಕೂಲಿನ ಗಣಿತದ ಮೇಷ್ಟ್ರು. ಸಿದ್ದಪ್ಪನವರು ಅಲ್ಲಿನ ಕೋರ್ಟಿನಲ್ಲಿ ಜವಾನರು. ಬುಕ್ಕಾಪಟ್ಟಣದ ಕಡೆ ಕುರಿ ಸಾಕುವವರ ಮನೆಯಲ್ಲಿ ಹುಟ್ಟಿ, ಹರಿಕಥೆ ದಾಸರೊಬ್ಬರ ಹಿಂದೆ ಊರೂರು ತಿರುಗಿ ಪಿಟೀಲು ಕಲಿತವರು. ನನಗಿಂತ ಎಷ್ಟೋ ಹಿರಿಯರು — ಆದರೂ ನಾನು ಅವರನ್ನು ಏಕವಚನದಲ್ಲೇ ಮಾತನಾಡಿಸುತ್ತಿದ್ದೆ.

ನನ್ನಲ್ಲಿ ಒಂದು ಹಳೆಯ ರೆಕಾರ್ಡು ಇತ್ತು. ಯುರೋಪಿನವರು ಬರೋಕ್ ಎಂದು ಕರೆಯುವ ಕಾಲದ, ಇನ್ನೂರೈವತ್ತು ವರ್ಷಗಳಷ್ಟು ಹಿಂದಿನ ಸಂಗೀತ, ಎರಡೇ ಪಿಟೀಲು. ಅದರಲ್ಲಿ ಗಣಿತವಿದೆ ಎಂದು ಎಲ್ಲೋ ಓದಿದ್ದೆ. ಎಲ್ಲಿದೆ ಎಂದು ಮಾತ್ರ ನನಗೆ ಕೇಳಿಸುತ್ತಿರಲಿಲ್ಲ. ಭಾನುವಾರ ಮಧ್ಯಾಹ್ನ ಸಿದ್ದಪ್ಪನವರು ಬಂದು ನೆಲದ ಮೇಲೆ ಕೂತು ಕಣ್ಣು ಮುಚ್ಚಿ ಕೇಳುತ್ತಿದ್ದರು. ಒಂದು ದಿನ ಕಣ್ಣು ಬಿಟ್ಟು ಹೇಳಿದರು:

"ಮೇಷ್ಟ್ರೇ, ಎರಡ್ನೇ ಪಿಟೀಲು ಹೊಸದೇನೂ ನುಡಿಸ್ತಾ ಇಲ್ಲ. ಮೊದಲ್ನೇದು ಎಷ್ಟು ಮೆಟ್ಲು ಹತ್ತತೈತೋ, ಇದು ಒಸಿ ತಡ್ದು ಅಷ್ಟೇ ಮೆಟ್ಲು ಇಳೀತೈತೆ. ಅದು ಇಳಿದ್ರೆ ಇದು ಹತ್ತತೈತೆ."

ನಾನು ನಂಬಲಿಲ್ಲ. ಗ್ರಾಫ್ ಹಾಳೆ ತೆಗೆದೆ. ಅವರು ಒಂದೊಂದೇ ಸ್ವರ ನುಡಿಸಿದರು, ನಾನು ಚುಕ್ಕೆ ಇಟ್ಟೆ. ಏರಿದ್ದು ಪ್ಲಸ್, ಇಳಿದದ್ದು ಮೈನಸ್. ಚಿಹ್ನೆಗಳನ್ನು ಅದಲುಬದಲು ಮಾಡಿದರೆ — ಎರಡನೆಯ ಪಿಟೀಲು ಅಲ್ಲೇ ಇತ್ತು. ವರ್ಷಗಟ್ಟಲೆ ಬೋರ್ಡಿನ ಮೇಲೆ ಪ್ರತಿಬಿಂಬ ಬರೆದವನಿಗೆ ಅದು ಅಂದು ಮೊದಲ ಸಲ ಕೇಳಿಸಿತು. ಇಬ್ಬರೂ ಸಣ್ಣ ಮಕ್ಕಳಂತೆ ನಕ್ಕೆವು. ನನ್ನ ಜೀವನದ ಅತ್ಯಂತ ಸಂತೋಷದ ಮಧ್ಯಾಹ್ನ ಅದು.

ಮರುವರ್ಷ ಗಣಿತ ಶಿಕ್ಷಕರ ಸಭೆಯಲ್ಲಿ ಅದರ ಬಗ್ಗೆಯೇ ಮಾತನಾಡಿದೆ. ಸಿದ್ದಪ್ಪನವರು ರಜೆ ಹಾಕಿ, ಪಿಟೀಲು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ನನ್ನ ಜೊತೆ ಬಂದರು. ಮೊದಲ ಪಿಟೀಲಿನ ಸಾಲನ್ನೂ ಅದರ ತಲೆಕೆಳಗಾದ ರೂಪವನ್ನೂ ನುಡಿಸಿ ತೋರಿಸಿದರು. ಸಭೆ ತಲೆದೂಗಿತು. ಅಧ್ಯಕ್ಷರು ನನ್ನನ್ನು ಕೇಳಿದರು:

"ಇದು ನಿಮಗೆ ಹೊಳೆದದ್ದು ಹೇಗೆ?"

ಸಿದ್ದಪ್ಪನವರು ನನ್ನ ಕಡೆ ನೋಡಿದರು. ಅವರ ಹೆಸರು ಹೇಳಲು ಒಂದು ಕ್ಷಣ ಸಾಕಿತ್ತು. ಕೋರ್ಟಿನ ಜವಾನನೊಬ್ಬ ನನಗೆ ಗಣಿತ ತೋರಿಸಿಕೊಟ್ಟ ಎನ್ನಲು — ಆ ಜನರ ಮುಂದೆ —

"ಕೇಳ್ತಾ ಕೇಳ್ತಾ ನನಗೇ ಹೊಳೀತು ಸಾರ್," ಎಂದೆ.

ವಾಪಸು ಬರುವಾಗ ಅವರು ಕಿಟಕಿಯ ಆಚೆ ನೋಡುತ್ತಿದ್ದರು. ಕೊರಟಗೆರೆ ದಾಟಿದ ಮೇಲೆ ಮೆಲ್ಲಗೆ ಕೇಳಿದರು: "ಮೇಲಿನ ಸ್ವರಕ್ಕೆ ಹೋಗೋವಾಗ ಕಮಾನು ಒಸಿ ಜಾರ್ತು ಮೇಷ್ಟ್ರೇ. ನಿಮ್ಮ ಮಾತಿಗೇನೂ ಕೆಟ್ಟದಾಗ್ಲಿಲ್ವಲ್ಲ?"

ಇಲ್ಲ ಎಂದೆ. ಅಷ್ಟೇ ಹೇಳಿದೆ.

ಆ ಭಾಷಣ ಸಣ್ಣ ಪುಸ್ತಕವಾಗಿ ಅಚ್ಚಾಯಿತು. ಅದರಲ್ಲಿ ಅವರು 'ಸ್ಥಳೀಯ ವಾದಕರೊಬ್ಬರು'. ನಾನು ಕೊಟ್ಟ ಪ್ರತಿಯನ್ನು ಅವರು ಕೋರ್ಟಿನ ಜಗಲಿಯಲ್ಲಿ ಓದಿ, ಆ ಎರಡು ಪದಗಳ ಮೇಲೆ ಬೆರಳಿಟ್ಟು, "ಇದು ನಾನೇ ಅಲ್ವಾ?" ಎಂದರು. ಹೂಂ ಎಂದೆ. ಪುಸ್ತಕ ಮಡಚಿ ಹಿಂದಕ್ಕೆ ಕೊಟ್ಟರು. ಆಮೇಲಿನ ಭಾನುವಾರಗಳಲ್ಲಿ ಅವರು ಬರುವುದು ಕಡಿಮೆಯಾಗಿ, ಒಂದು ದಿನ ನಿಂತೇಹೋಯಿತು. ನಾನು ಕರೆಯಲಿಲ್ಲ. ಮುಖ ತೋರಿಸುವ ಕಷ್ಟ ತಪ್ಪಿತು ಎಂದುಕೊಂಡೆ. ಆ ಭಾಷಣದ ಹೆಸರಿನಿಂದಲೇ ನನಗೆ ಕಾಲೇಜಿನ ಕೆಲಸ ಸಿಕ್ಕಿ ಊರು ಬಿಟ್ಟೆ.

ಅವರು ತೀರಿಕೊಂಡದ್ದು ನನಗೆ ಗೊತ್ತಾಗುವಷ್ಟರಲ್ಲಿ ಎರಡು ತಿಂಗಳಾಗಿತ್ತು. ಬುಕ್ಕಾಪಟ್ಟಣಕ್ಕೆ ಹೋದೆ. ಮಗಳು ಗಂಗಮ್ಮ ಚಾಪೆ ಹಾಸಿ ಕೂರಿಸಿದಳು. ಎಲ್ಲವನ್ನೂ ಹೇಳಿದೆ. ಆಕೆ ಹೇಳಿದಳು:

"ನಮ್ಮಪ್ಪ ಹೇಳಿದ್ರು ಸಾರ್. ಅಷ್ಟು ಜನದ ಮುಂದೆ ಮೇಷ್ಟ್ರಿಗೆ ಗಾಬ್ರಿಯಾಗಿ ನನ್ ಹೆಸರು ಮರ್ತೋಗಿರ್ಬೇಕು ಕಣಮ್ಮ, ಅಂದಿದ್ರು."

ನಾನು ಮರೆತಿರಲಿಲ್ಲ. ಅದನ್ನೂ ಆಕೆಗೆ ಹೇಳಿದೆ.