ಬಿಸಿಲು ಮಾವನ ಪೈಜಾಮ

ಬೀದಿಯವರೆಲ್ಲ ಬಿಸಿಲು ಮಾವ ಎಂದು ಕರೆಯುವ ಆ ಮನುಷ್ಯ ಮೂವತ್ತೊಂದು ವರ್ಷದಿಂದ ಬೆಲ್ಟು ಕಟ್ಟಿಲ್ಲ. ಜಿಪ್ಪಿನ ಪ್ಯಾಂಟನ್ನಂತೂ ತಮ್ಮ ಮದುವೆಯ ದಿನವೂ ಹಾಕಿದವರಲ್ಲ. ಅವರದು ಕಾಂತ ವೀಕ್ಷಣಾಲಯದ ಕೆಲಸ. ಸೂರ್ಯ ಸಿಡಿದು ಉಗುಳಿದ್ದು ಎರಡು ಮೂರು ದಿನಕ್ಕೆ ಬಂದು ಬಡಿದರೆ ಭೂಮಿಯ ಕಾಂತಬಲ ಅಲುಗಾಡುತ್ತದೆ. ಅಲುಗಾಟ ಜೋರಾದರೆ ಊರಿನ ಕರೆಂಟೇ ಕೈಕೊಡುತ್ತದೆ. ಅದನ್ನು ಮೊದಲೇ ಕಂಡು ವಿದ್ಯುತ್ ಕೇಂದ್ರಕ್ಕೆ ಫೋನ್ ಮಾಡುವುದು ಮಾವನ ಹೊಣೆ.

ಅಳೆಯುವ ಯಂತ್ರವೋ ಮಹಾ ಮುಂಗೋಪಿ. ಒಂದು ಕಬ್ಬಿಣದ ಮೊಳೆ ಹತ್ತಿರ ಬಂದರೂ ಅದರ ಮುಳ್ಳು ಕುಣಿಯುತ್ತದೆ. ಹಾಗಾಗಿ ಅದನ್ನಿಟ್ಟ ಮರದ ಕೋಣೆಗೆ ಹಿತ್ತಾಳೆಯ ಮೊಳೆ, ಹಿತ್ತಾಳೆಯ ಬೀಗ, ಹಿತ್ತಾಳೆಯದೇ ಕೀಲಿಕೈ; ಮಾವನಿಗೆ ಪ್ಲಾಸ್ಟಿಕ್ ಕನ್ನಡಕ, ಕೋಣೆಗೆಂದೇ ಮೀಸಲಾದ ಲಾಡಿಯ ಪೈಜಾಮ. ಯಾರಾದರೂ ಎದುರಾದರೆ ಮಾವ ಕ್ಷೇಮ ಕೇಳುವ ಮೊದಲು ಜೇಬಲ್ಲೇನಿದೆ ಎಂದು ಕೇಳುತ್ತಿದ್ದರು.

ಇಂಥವರು ಒಂದೇ ವಾರದಲ್ಲಿ ಎರಡು ಸಲ ಎಡವಿದರು. ಎರಡೂ ಸಲ ಹನ್ನೊಂದಕ್ಕೆ ಕೋಣೆಗೆ ಹೋದಾಗ ಮುಳ್ಳು ಜಿಗಿದಿತ್ತು, ಮಾವ ಓಡಿಹೋಗಿ ಫೋನ್ ಮಾಡಿದ್ದರು, ವಿದ್ಯುತ್ ಕೇಂದ್ರದವರು ಅರ್ಧ ಊರಿನ ಫ್ಯಾನು ನಿಲ್ಲಿಸಿ ಕಾದಿದ್ದರು. ಸೂರ್ಯ ಮಾತ್ರ ಏನೂ ಅರಿಯದವನಂತೆ ಸುಮ್ಮನಿದ್ದ.

"ಮೂರನೇ ಸಲ ಹೀಗಾದ್ರೆ ಕೋಣೆ ಕೀಲಿಕೈ ನನ್ನ ಮೇಜಿನ ಮೇಲಿಡಿ," ಎಂದರು ಮೇಲಧಿಕಾರಿ. "ಉಗ್ರಾಣದಲ್ಲಿ ಕೂತು ಹಳೇ ಕಡತ ಜೋಡಿಸಿ."

ಮಾವನಿಗೆ ಊಟ ಸೇರಲಿಲ್ಲ. ಆ ಕೋಣೆಯೊಂದು ಇಲ್ಲದಿದ್ದರೆ ಬೆಳಿಗ್ಗೆ ಎದ್ದು ಏನು ಮಾಡಬೇಕೆಂದೇ ಅವರಿಗೆ ಗೊತ್ತಿರಲಿಲ್ಲ.

"ಸೂರ್ಯನ ಗೊಡವೆ ನಿಮಗ್ಯಾಕ್ರೀ," ಎಂದರು ಹೆಂಡತಿ. "ಪೈಜಾಮದ ಲಾಡಿ ಒಳಗೆ ಸೇರ್ಕೊಂಡಿತ್ತಲ್ಲ, ಹೋದ ವಾರವೇ ಪೋಣಿಸಿಟ್ಟಿದೀನಿ. ಅದಕ್ಕೊಂದು ಒಳ್ಳೇ ಮಾತಾದ್ರೂ ಆಡಿದ್ರಾ?"

ಮರುದಿನ ಹನ್ನೊಂದಕ್ಕೆ ಮುಳ್ಳು ಮತ್ತೆ ಕುಣಿಯಿತು. ಮಾವ ಫೋನ್ ಮಾಡುವ ಮೊದಲು ಅಡಿಯಿಂದ ಮುಡಿಯವರೆಗೆ ಮೈ ತಡವಿಕೊಂಡರು. ಸೊಂಟದ ಪಟ್ಟಿಯೊಳಗೆ, ಲಾಡಿಯ ನಡುವೆ, ಏನೋ ಗಟ್ಟಿಯಾಗಿ ಸಿಕ್ಕಿತು. ಸೇಫ್ಟಿ ಪಿನ್ನು. ಲಾಡಿ ಪೋಣಿಸಿದ ಮಹಾತಾಯಿ ಅದನ್ನು ತೆಗೆಯಲು ಮರೆತಿದ್ದಳು. ಮೂವತ್ತೊಂದು ವರ್ಷದ ಮರ್ಯಾದೆಯನ್ನು ಬೆರಳುದ್ದದ ಪಿನ್ನು ನುಂಗಿ ನೀರು ಕುಡಿದಿತ್ತು.

ಆದರೆ ಇವತ್ತಿನ ಕುಣಿತ ಪಿನ್ನಿನದೋ, ಸೂರ್ಯನದೋ? ಪಿನ್ನಿನದಾಗಿದ್ದು ಫೋನ್ ಮಾಡಿದರೆ ಕೀಲಿಕೈ ಹೋಯಿತು. ಸೂರ್ಯನದಾಗಿದ್ದು ಸುಮ್ಮನಿದ್ದರೆ ಊರೇ ಕತ್ತಲು. ಪಿನ್ನು ಬಟ್ಟೆಗೆ ಸಿಕ್ಕಿಕೊಂಡು ಬರಲೊಲ್ಲದು. ಮಾವ ಹಿಂದೆಮುಂದೆ ನೋಡದೆ ಪೈಜಾಮ ಕಳಚಿ ಬಾಗಿಲಿಂದ ಬೀಸಿ ಎಸೆದರು. ಅದು ಗಾಳಿಗೆ ಹಾರಿ ಬೇಲಿಯಾಚೆ ಬಿತ್ತು. ಯಂತ್ರದ ಮುಸುಕುಬಟ್ಟೆಯನ್ನು ಸೊಂಟಕ್ಕೆ ಸುತ್ತಿ, ಉಸಿರು ಬಿಗಿಹಿಡಿದು ಮುಳ್ಳು ನೋಡಿದರು. ಅದು ಇನ್ನೂ ಜೋರಾಗಿ ಕುಣಿಯುತ್ತಿತ್ತು. ಮಾವನಿಗೆ ಸಂತೋಷಕ್ಕೆ ಕಣ್ಣಲ್ಲಿ ನೀರೇ ಬಂತು.

ಫೋನ್ ಇದ್ದದ್ದು ಅಂಗಳದಾಚೆ, ಮೇಲಧಿಕಾರಿಯ ಕೋಣೆಯಲ್ಲಿ. ಬಟ್ಟೆ ಹಿಡಿದುಕೊಂಡು ಓಡಿಬಂದ ಮಾವನನ್ನು ಅವರು ಕಾಲಿಂದ ತಲೆವರೆಗೆ ನೋಡಿ, ಟೀ ಲೋಟ ಕೆಳಗಿಟ್ಟರು.

"ಪಿನ್ನಿತ್ತು ಸಾರ್, ಎಸೆದೆ. ಆದ್ರೂ ಕುಣೀತಿದೆ," ಎಂದರು ಮಾವ ಏದುಸಿರು ಬಿಡುತ್ತ.

ಮೇಲಧಿಕಾರಿ ತಾವೇ ಫೋನ್ ಎತ್ತಿಕೊಂಡರು.

"ಇಲ್ರೀ, ಈ ಸಲ ಸೂರ್ಯಂದೇ," ಎಂದರು ವಿದ್ಯುತ್ ಕೇಂದ್ರದವರಿಗೆ. "ನಮ್ಮವರ ಮೈಮೇಲೆ ಗುಲಗಂಜಿಯಷ್ಟೂ ಕಬ್ಬಿಣ ಇಲ್ಲ. ನಾನೇ ಕಣ್ಣಾರೆ ನೋಡ್ತಿದೀನಿ."

ಕೀಲಿಕೈಯ ಮಾತನ್ನು ಅವರು ಮತ್ತೆ ಎತ್ತಲಿಲ್ಲ. ಎತ್ತಿದ್ದರೂ ಕೊಡುವಂತಿರಲಿಲ್ಲ; ಅದು ಬೇಲಿಯಾಚೆ, ಪೈಜಾಮದ ಜೇಬಿನಲ್ಲಿತ್ತು.